ಬಾಗಿಲು ಪುಣೆಯಲ್ಲಿ, ಮೊದಲ ಮೆಟ್ಟಿಲು ಕಮಲಾಪುರದಲ್ಲಿ

ಕಲಬುರಗಿ ಬಿಟ್ಟು ಹುಮನಾಬಾದ್ ರಸ್ತೆ ಹಿಡಿದರೆ ಸುಮಾರು 35 ಕಿ.ಮೀ.ಗೆ ಕಮಲಾಪುರ. ಭೌಗೋಳಿಕ ಸೂಚಕ ಪಡೆದ ಕೆಂಪು ಬಾಳೆಯ ಊರು, ಇತ್ತೀಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವಾದ ಊರು. ಅದೇ ದಾರಿಯಲ್ಲಿ ಮುಂದಕ್ಕೆ ಹೋದರೆ ಬೀದರ್. ಅಲ್ಲಿನ ವಾಯುಪಡೆ ನೆಲೆಯಲ್ಲಿ ಹಾಕ್ ವಿಮಾನವೇರಿ ಯುದ್ಧವಿಮಾನ ಹಾರಿಸುವ ವಿದ್ಯೆ ಕಲಿಯುವ ತರುಣರಲ್ಲಿ ಅನೇಕರು, ಕೆಲವು ವರ್ಷಗಳ ಹಿಂದೆ ಹನ್ನೆರಡನೇ ತರಗತಿಯಲ್ಲಿ ಇದ್ದಾಗಲೇ ಒಂದು ಪರೀಕ್ಷೆ ಬರೆದವರು. ಆ ಪರೀಕ್ಷೆಯ ಹೆಸರು ಎನ್‌ಡಿಎ. ಪುಣೆ ಸಮೀಪದ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಹೋಗುವ ದಾರಿ ಅದು.

ಕಲಬುರಗಿ ಸೀಮೆಯಲ್ಲಿ ‘ಮಿಲಿಟ್ರಿಗೆ ಹೋಗ್ಯಾನ’ ಅಂದರೆ ಸಾಮಾನ್ಯವಾಗಿ ಭರ್ತಿ ರ‍್ಯಾಲಿಯಲ್ಲಿ ಓಡಿ ಸಿಪಾಯಿಯಾದವನು ಎಂದೇ ಅರ್ಥ. ನಸುಕಿನಲ್ಲಿ ಎದ್ದು ಗ್ರೌಂಡಿನಲ್ಲಿ ಓಡುವ ಹುಡುಗರಿಗೆ ಇಲ್ಲಿ ಕೊರತೆಯಿಲ್ಲ. ಪೊಲೀಸ್ ಕಾನ್‌ಸ್ಟೇಬಲ್, ಅಗ್ನಿವೀರ ಎರಡಕ್ಕೂ ಒಂದೇ ತಾಲೀಮು. ಆದರೆ ಹದಿನೇಳನೇ ವಯಸ್ಸಿಗೇ ಅಧಿಕಾರಿ ತರಬೇತಿಗೆ ಸೇರುವ ಇನ್ನೊಂದು ದಾರಿಯಿದೆ, ಅದು ತನ್ನ ಕೈಯಲ್ಲಿರುವ ಪಿಯುಸಿ ಪುಸ್ತಕದಿಂದಲೇ ಶುರುವಾಗುತ್ತದೆ ಎಂದು ಅದೇ ಹುಡುಗನಿಗೆ ಹೇಳುವವರು ತೀರ ಕಡಿಮೆ.

ಈ ದಾರಿ ಬಹುಕಾಲ ಭಾರತೀಯರಿಗೇ ಮುಚ್ಚಿತ್ತು. ಮೊದಲ ಮಹಾಯುದ್ಧದ ಕೊನೆಯಲ್ಲಿ, 1918ರಲ್ಲಿ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ವರ್ಷಕ್ಕೆ ಹತ್ತು ಸೀಟು ಭಾರತೀಯರಿಗೆ ಎಂದಾಯಿತು. ಅದೇ ಹೊತ್ತಿನಲ್ಲಿ ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಿ ಪಡೆದು 1919ರಲ್ಲಿ ಅಧಿಕಾರಿಯಾದವರಲ್ಲಿ ಕೊಡಗಿನ ಕೆ.ಎಂ. ಕಾರ್ಯಪ್ಪ ಒಬ್ಬರು. 1922ರಲ್ಲಿ ಡೆಹ್ರಾಡೂನಿನಲ್ಲಿ ಮಿಲಿಟರಿ ಕಾಲೇಜು ತೆರೆಯಿತು. ಕೊಡಗಿನವರೇ ಆದ ಕೆ.ಎಸ್. ತಿಮ್ಮಯ್ಯ ಅಲ್ಲಿ ಓದಿ ಸ್ಯಾಂಡ್‌ಹರ್ಸ್ಟ್‌ಗೆ ಹೋದರು. 1932ರಲ್ಲಿ ಡೆಹ್ರಾಡೂನಿನಲ್ಲಿಯೇ ಭಾರತೀಯ ಮಿಲಿಟರಿ ಅಕಾಡೆಮಿ ಆರಂಭವಾದಾಗ ಮೊದಲ ತಂಡದಲ್ಲಿ ಇದ್ದದ್ದು ನಲವತ್ತೇ ಮಂದಿ. ಅದರಲ್ಲಿ ಹದಿನೈದು ಜಾಗ ಮಾತ್ರ ಬಹಿರಂಗ ಸ್ಪರ್ಧೆಗೆ, ಹತ್ತು ದೇಶೀಯ ಸಂಸ್ಥಾನಗಳಿಗೆ, ಉಳಿದವು ಸೈನ್ಯದೊಳಗಿನವರಿಗೆ. ಆ ಹದಿನೈದರೊಳಗೆ ಸ್ಪರ್ಧೆಯಿಂದ ಬಂದವರು ಸ್ಯಾಮ್ ಮಾಣೆಕ್‌ಷಾ. ಕುಲ, ಕುಟುಂಬ, ಶಿಫಾರಸುಗಳ ಜಗತ್ತಿನಲ್ಲಿ ಪರೀಕ್ಷೆ ಎಂಬ ಕಿಂಡಿ ತೆರೆದದ್ದು ಹೀಗೆ.

ಎರಡನೇ ಮಹಾಯುದ್ಧ ಆ ಕಿಂಡಿಯನ್ನು ಬಾಗಿಲು ಮಾಡಿತು. ಸಾವಿರಾರು ಅಧಿಕಾರಿಗಳು ತುರ್ತಾಗಿ ಬೇಕಾದಾಗ ‘ಒಳ್ಳೆಯ ಮನೆತನ’ದ ಲೆಕ್ಕ ಸಾಲಲಿಲ್ಲ. ಬ್ರಿಟನ್ನಿನಲ್ಲಿ 1942ರಲ್ಲಿ ಮನೋವಿಜ್ಞಾನಿಗಳನ್ನು ಕೂಡಿಸಿಕೊಂಡು ಆಯ್ಕೆ ಮಂಡಳಿಗಳನ್ನು ಕಟ್ಟಿದರು. ಮರುವರ್ಷ ಡೆಹ್ರಾಡೂನಿನಲ್ಲಿ ಅಂಥದೇ ಪ್ರಾಯೋಗಿಕ ಮಂಡಳಿ ಬಂತು. ಇವತ್ತಿಗೂ ಅಭ್ಯರ್ಥಿಗಳ ನಿದ್ದೆ ಕೆಡಿಸುವ ಸೇವಾ ಆಯ್ಕೆ ಮಂಡಳಿಯ, ಅಂದರೆ ಎಸ್‌ಎಸ್‌ಬಿಯ, ಮೂಲ ಅದೇ.

ಅಕಾಡೆಮಿಯ ಹುಟ್ಟಿನಲ್ಲಿ ಒಂದು ದೂರದೇಶದ ಋಣವೂ ಇದೆ. 1941ರಲ್ಲಿ ಸುಡಾನಿನ ರಕ್ಷಣೆಗೆ ಹೋರಾಡಿ ಮಡಿದ ಭಾರತೀಯ ಸೈನಿಕರ ನೆನಪಿಗೆಂದು ಅಲ್ಲಿನ ಸರ್ಕಾರ ಒಂದು ಲಕ್ಷ ಪೌಂಡ್ ಕೊಟ್ಟಿತು. ಅದರಿಂದ ಕಲ್ಲಿನ ಸ್ಮಾರಕ ನಿಲ್ಲಿಸುವ ಬದಲು ಮುಂದಿನ ಅಧಿಕಾರಿಗಳನ್ನು ಬೆಳೆಸುವ ಶಾಲೆ ಕಟ್ಟೋಣ ಎಂಬ ಆಲೋಚನೆ ಗಟ್ಟಿಯಾಯಿತು. ದಂಡನಾಯಕ ಆಕಿನ್‌ಲೆಕ್ ಅವರ ಸಮಿತಿ ಬೇರೆ ಬೇರೆ ದೇಶಗಳ ಅಕಾಡೆಮಿಗಳನ್ನು ಅಭ್ಯಸಿಸಿ 1946ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು: ಭೂಸೇನೆ, ನೌಕಾಪಡೆ, ವಾಯುಪಡೆ ಮೂರರ ಮಕ್ಕಳೂ ಒಂದೇ ಅಂಗಳದಲ್ಲಿ ಕಲಿಯಲಿ. ದೇಶವಿಭಜನೆಯಲ್ಲಿ ಸುಡಾನಿನ ಹಣವೂ ಪಾಲಾಗಿ ಭಾರತಕ್ಕೆ 70 ಸಾವಿರ ಪೌಂಡ್ ಬಂತು. ಖಡಕ್‌ವಾಸ್ಲಾದ ಮುಖ್ಯ ಕಟ್ಟಡ ಇಂದಿಗೂ ಸುಡಾನ್ ಬ್ಲಾಕ್.

ಕಲಬುರಗಿಯ ಓದುಗರು ಇಲ್ಲಿ ಒಂದು ತಾರೀಖು ಗಮನಿಸಬೇಕು. ಕಾಯಂ ಕಟ್ಟಡ ಆಗುವವರೆಗೆ ತಾತ್ಕಾಲಿಕವಾಗಿ ಡೆಹ್ರಾಡೂನಿನಲ್ಲಿ ಮೂರೂ ಪಡೆಗಳ ಜಂಟಿ ತರಬೇತಿ ಶುರುವಾದದ್ದು 1949ರ ಜನವರಿ 1ರಂದು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು. ಅಂದರೆ ದೇಶದ ಭಾವೀ ಅಧಿಕಾರಿಗಳ ಮೊದಲ ಜಂಟಿ ತಂಡ ಕವಾಯತಿಗೆ ನಿಂತಾಗ ಕಲಬುರಗಿ ಭಾರತದ ನೆಲವಾಗಿ ನಾಲ್ಕು ತಿಂಗಳೂ ತುಂಬಿರಲಿಲ್ಲ. ರಜಾಕಾರರ ಹಾವಳಿ ಕಂಡ ಹಳ್ಳಿಗಳಿಗೆ ಆ ಪರೀಕ್ಷೆಯ ಸುದ್ದಿ ಮುಟ್ಟುವುದಾದರೂ ಹೇಗೆ? ಈ ಭಾಗ ತಡವಾಗಿ ಹೊರಟಿತು ಎಂಬುದನ್ನು ಮರೆತು ಇಲ್ಲಿನ ಮಕ್ಕಳನ್ನು ‘ಹಿಂದುಳಿದವರು’ ಎಂದು ಕರೆಯುವುದು ಅನ್ಯಾಯ. ನೆಹರೂ 1949ರ ಅಕ್ಟೋಬರ್ 6ರಂದು ಖಡಕ್‌ವಾಸ್ಲಾದಲ್ಲಿ ಅಡಿಗಲ್ಲು ಇಟ್ಟರು. 1955ರ ಜನವರಿ 16ರಂದು ಅಕಾಡೆಮಿ ವಿಧ್ಯುಕ್ತವಾಗಿ ಉದ್ಘಾಟನೆಯಾಯಿತು.

ಸಾಮಾನ್ಯ ಮನೆಯ ಮಕ್ಕಳನ್ನು ಆ ಅಂಗಳಕ್ಕೆ ತಲುಪಿಸಲು ಸೈನಿಕ ಶಾಲೆಗಳು ಬೇಕಾದವು. ರಕ್ಷಣಾ ಸಚಿವ ಕೃಷ್ಣ ಮೆನನ್ ಅವರ ಕಾಲದಲ್ಲಿ, 1961ರಿಂದ, ರಾಜ್ಯಕ್ಕೊಂದರಂತೆ ಅವು ತೆರೆಯತೊಡಗಿದವು. ಕರ್ನಾಟಕದ ಮೊದಲ ಸೈನಿಕ ಶಾಲೆ 1963ರ ಸೆಪ್ಟೆಂಬರ್ 16ರಂದು ವಿಜಯಪುರಕ್ಕೆ ಬಂತು. ಕಲಬುರಗಿಗೆ ಅದು ಬಸ್ಸಿನಲ್ಲಿ ಅರ್ಧ ದಿನದೊಳಗಿನ ದಾರಿ. ಅಲ್ಲಿ ಓದಿದವರೇ ದಾವಣಗೆರೆಯ ಕರ್ನಲ್ ಎಂ.ಬಿ. ರವೀಂದ್ರನಾಥ್. 1999ರ ಜೂನ್‌ನಲ್ಲಿ ಕಾರ್ಗಿಲ್‌ನ ತೋಲೋಲಿಂಗ್ ಶಿಖರವನ್ನು ಮರಳಿ ಗೆದ್ದ 2 ರಾಜಪುತಾನಾ ರೈಫಲ್ಸ್‌ ದಳದ ನಾಯಕರು, ವೀರಚಕ್ರ ಪುರಸ್ಕೃತರು. ಅರೆಮಲೆನಾಡಿನ ಅಂಚಿನ ಒಬ್ಬ ಹುಡುಗ ಬಯಲುಸೀಮೆಯ ಶಾಲೆಯಲ್ಲಿ ಓದಿ ಹಿಮದ ಬೆಟ್ಟದ ಮೇಲೆ ದಳ ನಡೆಸಿದ ಕಥೆಯನ್ನು ಈ ಭಾಗದ ಪ್ರತಿ ಪ್ರೌಢಶಾಲೆಯಲ್ಲೂ ಒಮ್ಮೆ ಹೇಳಬೇಕು. ಮುಂದೆ 2007ರಲ್ಲಿ ಕೊಡಗಿನ ಕೂಡಿಗೆಗೆ ಎರಡನೇ ಶಾಲೆ ಬಂತು. ಬೆಳಗಾವಿ, ಬೆಂಗಳೂರುಗಳ ರಾಷ್ಟ್ರೀಯ ಮಿಲಿಟರಿ ಶಾಲೆಗಳು ಇವಕ್ಕಿಂತ ಹಳೆಯವು.

ಈಗಿನ ಎನ್‌ಡಿಎ ಪರೀಕ್ಷೆಯನ್ನು ಕೇಂದ್ರ ಲೋಕಸೇವಾ ಆಯೋಗ, ಅಂದರೆ ಯುಪಿಎಸ್‌ಸಿ, ವರ್ಷಕ್ಕೆ ಎರಡು ಬಾರಿ ನಡೆಸುತ್ತದೆ. ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಗಣಿತಕ್ಕೆ 300 ಅಂಕ, ಸಾಮಾನ್ಯ ಸಾಮರ್ಥ್ಯಕ್ಕೆ 600. ಗಣಿತದಲ್ಲಿ 120 ಪ್ರಶ್ನೆ, ಎರಡೂವರೆ ತಾಸು; ಲೆಕ್ಕವೊಂದಕ್ಕೆ ಸಿಗುವುದು 75 ಸೆಕೆಂಡು. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಮೂರನೇ ಒಂದು ಭಾಗ ಕಡಿತ. ತ್ರಿಕೋನಮಿತಿ, ಮ್ಯಾಟ್ರಿಕ್ಸ್, ಕ್ಯಾಲ್ಕುಲಸ್, ವೆಕ್ಟರ್, ಸಂಭವನೀಯತೆ, ಎಲ್ಲವೂ ಪಿಯುಸಿ ಗಣಿತದವೇ. ಎರಡನೇ ಪತ್ರಿಕೆಯಲ್ಲಿ ಇಂಗ್ಲಿಷಿಗೆ 200. ಉಳಿದ 400ರಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಇತಿಹಾಸ, ಭೂಗೋಳ, ಪ್ರಚಲಿತ ವಿದ್ಯಮಾನ. ಭೂಸೇನೆಗೆ ಯಾವ ವಿಭಾಗದ ಪಿಯುಸಿಯಾದರೂ ಸಾಕು, ಆದರೆ ಕಲಾ ವಿಭಾಗದ ವಿದ್ಯಾರ್ಥಿಗೂ ಇದೇ ಗಣಿತ ಪತ್ರಿಕೆ. ವಾಯುಪಡೆ, ನೌಕಾಪಡೆಗೆ ಭೌತ, ರಸಾಯನ, ಗಣಿತ ಓದಿರಲೇಬೇಕು.

ಅಂಕಗಳ ಕಡೆ ನೋಡಿದರೆ ಎದೆಗುಂದುವ ಕಾರಣವಿಲ್ಲ. 2023ರ ಮೊದಲ ಪರೀಕ್ಷೆಯಲ್ಲಿ ಲಿಖಿತದ ಕಟ್‌ಆಫ್ 900ಕ್ಕೆ 301, ಪ್ರತಿ ಪತ್ರಿಕೆಯಲ್ಲಿ ಕನಿಷ್ಠ ಶೇ 25. ಸಂದರ್ಶನವೂ ಸೇರಿ ಅಂತಿಮ ಪಟ್ಟಿಯಲ್ಲಿ ಕೊನೆಯವರು 1800ಕ್ಕೆ 664 ಪಡೆದಿದ್ದರು. ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಅಂಕ ಅಷ್ಟೇ! ಪಿಯುಸಿಯಲ್ಲಿ ಶೇ 90 ತೆಗೆಯುವ ಮಕ್ಕಳು ಕಲಬುರಗಿಯ ಕಾಲೇಜುಗಳಲ್ಲಿ ಸಾಕಷ್ಟಿದ್ದಾರೆ. ಆದರೂ ಎಡವುವುದು ಯಾಕೆಂದರೆ ಪಿಯುಸಿ ಬಿಡಿಸಿ ಬರೆಯುವುದನ್ನು ಕಲಿಸುತ್ತದೆ, ಈ ಪರೀಕ್ಷೆ ಯಾವುದನ್ನು ಬಿಡಬೇಕೆಂದು ಬೇಗ ತೀರ್ಮಾನಿಸುವುದನ್ನು ಕೇಳುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಎದುರಿಟ್ಟುಕೊಂಡು ಬಿಡಿಸುವುದೇ ಇದಕ್ಕೆ ಮದ್ದು. ಆ ಪತ್ರಿಕೆಗಳು ಯುಪಿಎಸ್‌ಸಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ.

ದಿನಗಳ ಲೆಕ್ಕವೂ ಗೊತ್ತಿರಬೇಕು. 2025ರಲ್ಲಿ ಎನ್‌ಡಿಎ ಪರೀಕ್ಷೆ ಏಪ್ರಿಲ್ 13ಕ್ಕೆ, ಸಿಇಟಿ ಏಪ್ರಿಲ್ 16 ಮತ್ತು 17ಕ್ಕೆ. ಮಾರ್ಚಿನಲ್ಲಿ ದ್ವಿತೀಯ ಪಿಯುಸಿ ಮುಗಿಸಿ ಮನೆಮಂದಿಯೆಲ್ಲ ಸಿಇಟಿ, ನೀಟ್ ಎನ್ನುತ್ತಿರುವಾಗ ಮೂರನೆಯದೊಂದಕ್ಕೆ ಕೂರುತ್ತೇನೆ ಎನ್ನಲು ಹುಡುಗನಿಗೂ ಧೈರ್ಯ ಬೇಕು, ಅಪ್ಪ–ಅವ್ವನಿಗೂ ತಿಳಿವಳಿಕೆ ಬೇಕು. ಓದು ಮಾತ್ರ ಬೇರೆಯಲ್ಲ. ಸಿಇಟಿಯ ಗಣಿತ–ಭೌತವಿಜ್ಞಾನವೇ ಇಲ್ಲೂ ಕೆಲಸಕ್ಕೆ ಬರುತ್ತದೆ. ಏಪ್ರಿಲ್ ಕೈತಪ್ಪಿದರೆ ಸೆಪ್ಟೆಂಬರ್ ಇದೆ. ಇನ್ನು ಮೈ ಹದಗೊಳಿಸುವುದು: ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುವುದರಿಂದ ಓಟವೆಲ್ಲ ಹೊತ್ತು ಹುಟ್ಟುವ ಮುಂಚೆಯೇ ಮುಗಿಯಬೇಕು. ಊರಿನ ಚಂದ್ರಶೇಖರ ಪಾಟೀಲ ಕ್ರೀಡಾಂಗಣವಾಗಲಿ ಕಮಲಾಪುರದ ಹೊಲದ ದಾರಿಯಾಗಲಿ, ಅದಕ್ಕೆ ಖರ್ಚಿಲ್ಲ.

ಲಿಖಿತ ಪರೀಕ್ಷೆ ಅರ್ಧ ದಾರಿ ಮಾತ್ರ. ಉಳಿದ 900 ಅಂಕ ಎಸ್‌ಎಸ್‌ಬಿಯದು. ಬೆಂಗಳೂರು, ಮೈಸೂರು, ಭೋಪಾಲ್ ಮುಂತಾದ ಕಡೆ ಐದು ದಿನದ ವಾಸ. ಮೊದಲ ದಿನ ಜರಡಿ, ಅಲ್ಲಿ ಉಳಿಯದವರು ಅಂದೇ ಮನೆಗೆ. ಬಳಿಕ ಚಿತ್ರ ನೋಡಿ ಕಥೆ ಬರೆಯಬೇಕು. ಹದಿನೈದು ಸೆಕೆಂಡಿಗೊಂದರಂತೆ ಅರವತ್ತು ಪದ ಕಂಡು ಹೊಳೆದದ್ದನ್ನು ವಾಕ್ಯ ಮಾಡಬೇಕು. ಅರ್ಧ ತಾಸಿನಲ್ಲಿ ಅರವತ್ತು ಸಂಕಟದ ಸನ್ನಿವೇಶಗಳಿಗೆ ‘ನಾನಾಗಿದ್ದರೆ ಹೀಗೆ’ ಎನ್ನಬೇಕು. ಮೈದಾನದಲ್ಲಿ ಹಲಗೆ, ಹಗ್ಗ, ಡ್ರಮ್ಮು ಕೊಟ್ಟು ತಂಡವಾಗಿ ಅಡೆತಡೆ ದಾಟಿಸುತ್ತಾರೆ. ಅಧಿಕಾರಿಗೆ ಬೇಕಾದ ಹದಿನೈದು ಗುಣಗಳನ್ನು ಮೂವರು ಪರೀಕ್ಷಕರು ಮೂರು ದಿಕ್ಕಿನಿಂದ ಹುಡುಕುತ್ತಾರೆ. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು: ಈ ಗುಣಗಳು ಹಳ್ಳಿಮಕ್ಕಳಿಗೆ ಹೊಸವಲ್ಲ. ಬರದ ವರ್ಷದಲ್ಲಿ ಮನೆಯ ಭಾರ ಹೊತ್ತವರು, ಜಾತ್ರೆಯ ದಾಸೋಹದಲ್ಲಿ ನೂರಾರು ಜನರ ಪಂಕ್ತಿ ಸಾಗಿಸಿದವರು, ತಮ್ಮ–ತಂಗಿಯರನ್ನು ಓದಿಸಿದವರು ಹೊಣೆ ಹೊರುವುದನ್ನು ಬಲ್ಲರು. ಅಡ್ಡ ಬರುವುದು ಅದನ್ನು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಅಪರಿಚಿತರ ನಡುವೆ, ಗಟ್ಟಿ ದನಿಯಲ್ಲಿ ಹೇಳುವ ರೂಢಿಯ ಕೊರತೆ. ಆ ರೂಢಿ ಮೂರು ತಿಂಗಳ ಕೋಚಿಂಗಿನಿಂದ ಬರುವುದಿಲ್ಲ. ಎಂಟನೇ ಇಯತ್ತೆಯಿಂದ ಎನ್‌ಸಿಸಿ, ಭಾಷಣ, ಚರ್ಚೆ, ದಿನಕ್ಕೊಂದು ಪುಟ ಇಂಗ್ಲಿಷ್ ಪತ್ರಿಕೆ ಎಂದು ಶುರುವಾದರೆ ಬರುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಅನ್ಯಾಯ ಇನ್ನೂ ದೀರ್ಘವಾಗಿತ್ತು. ಕಿತ್ತೂರಿನಲ್ಲಿ ರಾಣಿ ಚನ್ನಮ್ಮನ ಹೆಸರಿನ ಬಾಲಕಿಯರ ಸೈನಿಕ ವಸತಿ ಶಾಲೆ 1969ರಿಂದ ಇದೆ. ಕವಾಯತು, ಕುದುರೆ ಸವಾರಿ, ಶಿಸ್ತು ಎಲ್ಲ ಕಲಿತ ಅಲ್ಲಿನ ಹುಡುಗಿಯರಿಗೆ ಅರ್ಧ ಶತಮಾನ ಎನ್‌ಡಿಎ ಬಾಗಿಲು ಮುಚ್ಚಿಯೇ ಇತ್ತು. 2021ರ ಆಗಸ್ಟ್ 18ರಂದು ಸುಪ್ರೀಂ ಕೋರ್ಟ್ ಮಧ್ಯಂತರ ಆದೇಶ ಕೊಟ್ಟ ಮೇಲೆ ಅದೇ ನವೆಂಬರ್ 14ರ ಪರೀಕ್ಷೆಗೆ ಹುಡುಗಿಯರು ಕೂತರು. 2025ರ ಮೇ 30ರಂದು 17 ಯುವತಿಯರ ಮೊದಲ ತಂಡ ಖಡಕ್‌ವಾಸ್ಲಾದಿಂದ ತೇರ್ಗಡೆಯಾಗಿ ಹೊರಬಂತು. ಕಮಲಾಪುರದ ಪಿಯುಸಿ ಹುಡುಗಿಗೆ ಅವಳ ಅಕ್ಕನಿಗೆ ಇಲ್ಲದಿದ್ದ ಹಕ್ಕು ಈಗ ಇದೆ.

ಉಳಿದಿರುವುದು ಭಾಷೆಯ ಗೋಡೆ. ಎನ್‌ಡಿಎ ಪ್ರಶ್ನೆಪತ್ರಿಕೆ ಬರುವುದು ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಕಲಬುರಗಿಯ ಓಣಿಗಳಲ್ಲಿ ದಖನಿ, ಹಿಂದಿ ಕೇಳಿ ಬೆಳೆದ ಮಕ್ಕಳಿದ್ದಾರೆ ನಿಜ. ಮಾತಾಡುವ ಹಿಂದಿ ಬೇರೆ, ಕ್ಯಾಲ್ಕುಲಸ್ ಕೇಳುವ ಹಿಂದಿ ಬೇರೆ. ಸೈನಿಕ ಶಾಲೆಯ ಆರನೇ ತರಗತಿ ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು. 2024ರಿಂದ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯೂ ಕನ್ನಡ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಯುತ್ತಿದೆ. ಹತ್ತರ ಮಗುವಿಗೆ ಕನ್ನಡ ಆಗುತ್ತದೆ, ಕಾನ್‌ಸ್ಟೇಬಲ್‌ಗೆ ಕನ್ನಡ ಆಗುತ್ತದೆ, ಅಧಿಕಾರಿಯಾಗಬಯಸುವ ಹದಿನೇಳರ ವಿದ್ಯಾರ್ಥಿಗೆ ಮಾತ್ರ ಆಗುವುದಿಲ್ಲ ಎಂಬುದಕ್ಕೆ ಒಪ್ಪುವ ಕಾರಣ ಕಾಣದು. ಇಂಗ್ಲಿಷ್ ಭಾಗ ಇಂಗ್ಲಿಷಿನಲ್ಲೇ ಇರಲಿ. ಗಣಿತ, ವಿಜ್ಞಾನ, ಇತಿಹಾಸದ ಪ್ರಶ್ನೆಗಳು ಕನ್ನಡದಲ್ಲೂ ಬರಬೇಕು. ನಮ್ಮ ಸಂಸದರು ಇದನ್ನು ಕೇಳಬೇಕು.

ಈ ಭಾಗದವರಿಗೆ ಇನ್ನೊಂದು ವಾಸ್ತವವೂ ತಿಳಿದಿರಲಿ. ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿಯ ಅನುಕೂಲ ರಾಜ್ಯದ ಕಾಲೇಜು ಸೀಟು, ನೌಕರಿಗಳಿಗೆ. ಎನ್‌ಡಿಎಗೆ ಅದು ಅನ್ವಯಿಸದು, ಅಲ್ಲಿ ಜಾತಿ ಮೀಸಲಾತಿಯೂ ಇಲ್ಲ. 2025ರ ಎಸ್ಸೆಸ್ಸೆಲ್ಸಿಯಲ್ಲಿ ಶೇ 42.43 ಫಲಿತಾಂಶದೊಂದಿಗೆ ರಾಜ್ಯದ ಕೊನೆಯ ಸ್ಥಾನದಲ್ಲಿದ್ದ ಕಲಬುರಗಿ ಜಿಲ್ಲೆಗೆ ಇದು ಕಠಿಣ ಸ್ಪರ್ಧೆಯೇ. ಆದ್ದರಿಂದಲೇ ಬೇಗ ಶುರು ಮಾಡಬೇಕು. ಮೊದಲ ಸಲ ಆಗದಿದ್ದರೆ ದಾರಿ ಮುಗಿಯುವುದಿಲ್ಲ: ಜೆಇಇ ಮುಖ್ಯ ಪರೀಕ್ಷೆ ಬರೆದವರಿಗೆ ಭೂಸೇನೆಯ ತಾಂತ್ರಿಕ ಪ್ರವೇಶ, ಪದವಿ ಮುಗಿಸಿದವರಿಗೆ ಸಂಯುಕ್ತ ರಕ್ಷಣಾ ಸೇವಾ ಪರೀಕ್ಷೆ (ಸಿಡಿಎಸ್) ಮತ್ತು ಎನ್‌ಸಿಸಿ ವಿಶೇಷ ಪ್ರವೇಶ ಇವೆ.

ಎನ್‌ಡಿಎ ಅಧಿಸೂಚನೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ ಒಮ್ಮೆ, ಮೇ ತಿಂಗಳಲ್ಲಿ ಒಮ್ಮೆ ಹೊರಬೀಳುತ್ತದೆ. 2025ರ ಮೊದಲ ಅಧಿಸೂಚನೆಯಲ್ಲಿದ್ದ ಸ್ಥಾನಗಳು 406. ಅರ್ಜಿ ಶುಲ್ಕ 100 ರೂಪಾಯಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಅದೂ ಇಲ್ಲ. ಕಲಬುರಗಿಯ, ಕಮಲಾಪುರದ ಪಿಯು ಕಾಲೇಜುಗಳ ಪ್ರಾಂಶುಪಾಲರು ಮುಂದಿನ ಅಧಿಸೂಚನೆ ಬಂದ ದಿನವೇ ಅದರ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿ, ಪ್ರಾರ್ಥನೆಯ ಹೊತ್ತಿಗೆ ಒಮ್ಮೆ ಓದಿ ಹೇಳಲಿ.