ನಾಲ್ಕು ಜಿಲ್ಲೆ, ಒಂದೇ ಬಾಣಲೆ

ನಮ್ಮ ಕಡೆಯ ಹಳ್ಳಿಗಳಲ್ಲಿ ಬ್ರೆಡ್ಡು ಮನೆಗೆ ಬರುವುದು ಯಾರಿಗಾದರೂ ಜ್ವರ ಬಂದಾಗ. ದವಾಖಾನೆಯಲ್ಲಿ ಇರುವವರನ್ನು ಮಾತನಾಡಿಸಲು ಹೋಗುವವರು ಒಂದು ಪ್ಯಾಕ್ ಬ್ರೆಡ್ಡು, ಎರಡು ಎಳನೀರು ಹಿಡಿದುಕೊಂಡು ಹೋಗುತ್ತಾರೆ. ಗಟ್ಟಿಮುಟ್ಟಾದವರು ಅದನ್ನೇ ಊಟ ಮಾಡಬಹುದು ಎಂದರೆ ರೊಟ್ಟಿ ಉಂಡು ಬೆಳೆದವರು ನಗುತ್ತಾರೆ. ಆದರೆ ಧಾರವಾಡದ ಸಪ್ತಾಪುರದಲ್ಲಿ ಬಾಡಿಗೆ ರೂಮು ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ರವಿವಾರದ ಹಬ್ಬದೂಟ ಎಂದರೆ ಪಾವ್ ಭಾಜಿ. ಗಾಡಿಯ ಮುಂದೆ ನಿಂತು ತಿನ್ನುವುದಲ್ಲ, ರೂಮಿನಲ್ಲೇ ಮಾಡಿದ್ದು.

ನಾವು ನಾಲ್ವರು. ಓದುವ ಹುಡುಗರ ರೂಮುಗಳಲ್ಲಿ ಹೆಸರಿಗಿಂತ ಜಿಲ್ಲೆಯೇ ಹೆಚ್ಚು ಬಳಕೆ. ಹಾಗಾಗಿ ಒಬ್ಬ ‘ಗದಗ’, ಒಬ್ಬ ‘ರಾಯಚೂರು’, ಒಬ್ಬ ‘ಬಾಗಲಕೋಟೆ’, ನಾನು ‘ಹಾವೇರಿ’. ವಾರವಿಡೀ ಮೆಸ್ಸಿನಿಂದ ಡಬ್ಬಿ ಬರುತ್ತದೆ. ರವಿವಾರ ರಾತ್ರಿ ಮೆಸ್ಸಿಗೆ ರಜೆ. ಒಂದೇ ಬರ್ನರಿನ ಗ್ಯಾಸ್ ಒಲೆ, ಒಂದು ಕುಕ್ಕರ್, ಒಂದು ಕಬ್ಬಿಣದ ಬಾಣಲೆ, ಒಂದು ಹಂಚು ಇಷ್ಟೇ ನಮ್ಮ ಅಡುಗೆಮನೆ. ಊರಿನಲ್ಲಿ ನಾವ್ಯಾರೂ ಒಲೆಯ ಮುಂದೆ ಕೂತವರಲ್ಲ.

ಪಾವ್ ಭಾಜಿಯೇ ಏಕೆ? ಮೊದಲ ಕಾರಣ ಲೆಕ್ಕ. ಸಂಜೆ ಏಳರ ನಂತರ ಸೂಪರ್ ಮಾರ್ಕೆಟ್‌ಗೆ ಹೋದರೆ ಉಳಿದ ತರಕಾರಿಯನ್ನು ಗುಂಪಿ ಲೆಕ್ಕದಲ್ಲಿ ಕೊಟ್ಟುಬಿಡುತ್ತಾರೆ. ಮೆತ್ತಗಾದ ಟೊಮೆಟೊ, ಗೋಲಿಯಷ್ಟು ಸಣ್ಣ ಆಲೂಗಡ್ಡೆ, ಅಂಚು ಮುರಿದ ಹೂಕೋಸು. ಸಾರಿಗೆ, ಪಲ್ಯಕ್ಕೆ ಆರಿಸುವವರು ಬಿಟ್ಟುಹೋದ ಇವೆಲ್ಲ ಭಾಜಿಗೆ ನಡೆಯುತ್ತವೆ. ಮಸೆದ ಮೇಲೆ ಯಾರ ರೂಪವೂ ಕಾಣುವುದಿಲ್ಲ. ತರಕಾರಿಗೆ ₹90, ಹನ್ನೆರಡು ಪಾವ್‌ಗೆ ₹50, ಬೆಣ್ಣೆಗೆ ₹60, ಮಸಾಲೆ, ನಿಂಬೆ, ಕೊತ್ತಂಬರಿ ಸೇರಿ ₹30. ತಲಾ ₹60ರೊಳಗೆ ನಾಲ್ವರ ಹೊಟ್ಟೆ ತುಂಬುತ್ತದೆ.

ಎರಡನೆಯ ಕಾರಣ, ಇದು ಹುಟ್ಟಿದ್ದೇ ನಮ್ಮಂಥವರಿಗಾಗಿ. ತರಕಾರಿ ಹೆಚ್ಚುವಾಗ ಒಬ್ಬರಿಗೊಬ್ಬರು ಪ್ರಶ್ನೆ ಕೇಳಿಕೊಳ್ಳುವುದು ನಮ್ಮ ರೂಢಿ. ‘ಮುಂಬೈಯ ಮೊದಲ ಹತ್ತಿ ಗಿರಣಿ?’ ಎಂದು ರಾಯಚೂರು ಕೇಳಿದರೆ ‘1854, ಕಾವಸ್ಜಿ ದಾವರ್’ ಎಂದು ಗದಗ ಥಟ್ಟನೆ ಹೇಳುತ್ತಾನೆ. ಆ ಗಿರಣಿಗಳ ಕಾರ್ಮಿಕರಿಗೆ ಕೂತು ಉಣ್ಣುವಷ್ಟು ಬಿಡುವು ಇರಲಿಲ್ಲ. ಉಳಿದ ತರಕಾರಿಯನ್ನು ಬೇಯಿಸಿ ಮಸೆದು, ಪಾವ್ ಜೊತೆ ಬೇಗ ತಿಂದು ಪಾಳಿಗೆ ಹೋಗಲು ಹುಟ್ಟಿದ ತಿನಿಸು ಇದು ಎಂಬುದು ಎಲ್ಲರೂ ಹೇಳುವ ಕಥೆ. ಪಾವ್ ಎಂಬ ಹೆಸರೂ ಪೋರ್ಚುಗೀಸರ ಮಾತಿನಿಂದ ಬಂದದ್ದು. ಆಲೂಗಡ್ಡೆ, ಟೊಮೆಟೊ, ಮೆಣಸಿನಕಾಯಿ ಅಮೆರಿಕ ಖಂಡದಿಂದ ಹಡಗು ಹತ್ತಿ ಬಂದವು. 1982ರ ಜನವರಿಯಲ್ಲಿ ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದ ಮೇಲೆ ಎಷ್ಟೋ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ. ಭಾಜಿ ಮಾತ್ರ ಉಳಿಯಿತು. ಮುಂಬೈಯಲ್ಲಿ ಉಡುಪಿ ಕಡೆಯವರ ಹೋಟೆಲುಗಳಲ್ಲೂ ಇಡ್ಲಿ, ದೋಸೆಯ ಪಕ್ಕದಲ್ಲೇ ಅದಕ್ಕೆ ಜಾಗ ಸಿಕ್ಕಿತು.

ಈಗ ಮಾಡುವ ಕ್ರಮ. ಅರ್ಧ ಕೆಜಿ ಆಲೂಗಡ್ಡೆ, ಕಾಲು ಕೆಜಿ ಹೂಕೋಸು, ಒಂದು ಬಟ್ಟಲು ಬಟಾಣಿ, ಒಂದು ಗಜ್ಜರಿಯನ್ನು ಉಪ್ಪು ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಬೇಕು. ಬಣ್ಣಕ್ಕೆ ಬಾಟಲಿಯ ಪುಡಿ ಬೇಡ. ನಮ್ಮದು ಬ್ಯಾಡಗಿ ತಾಲ್ಲೂಕು. ಅವ್ವ ಕೊಟ್ಟು ಕಳಿಸಿದ ಮೆಣಸಿನಕಾಯಿ ರೂಮಿನಲ್ಲಿ ಯಾವಾಗಲೂ ಇರುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಕೆಂಪು ಹೆಚ್ಚು. ಎಂಟು ಕಾಯಿಗಳನ್ನು ಬಿಸಿನೀರಿನಲ್ಲಿ ನೆನೆಸಿ, ಹತ್ತು ಎಸಳು ಬೆಳ್ಳುಳ್ಳಿ, ಒಂದು ಚೂರು ಶುಂಠಿಯ ಜೊತೆ ನುಣ್ಣಗೆ ರುಬ್ಬಿಕೊಂಡರೆ ಬೇರೆ ಬಣ್ಣವೇ ಬೇಕಿಲ್ಲ.

ಬಾಣಲೆಯಲ್ಲಿ ಸ್ವಲ್ಪ ಎಣ್ಣೆ, ಸ್ವಲ್ಪ ಬೆಣ್ಣೆ. ಬರೀ ಬೆಣ್ಣೆಯಾದರೆ ಬೇಗ ಸೀಯುತ್ತದೆ. ಈರುಳ್ಳಿ, ಎರಡು ದೊಣ್ಣೆ ಮೆಣಸಿನಕಾಯಿ ಹಾಕಿ ಮೆತ್ತಗಾದ ಮೇಲೆ ರುಬ್ಬಿದ ಮಸಾಲೆ, ಆಮೇಲೆ ಅರ್ಧ ಕೆಜಿ ಟೊಮೆಟೊ. ಟೊಮೆಟೊ ನೀರು ಬಿಟ್ಟು, ಆ ನೀರು ಇಂಗಿ, ಅಂಚಿನಲ್ಲಿ ಎಣ್ಣೆ ಕಾಣುವತನಕ ಕಾಯಲೇಬೇಕು. ನಂತರ ಎರಡು ಚಮಚ ಪಾವ್ ಭಾಜಿ ಮಸಾಲೆ, ಬೆಂದ ತರಕಾರಿ. ಇನ್ನು ಮಸೆಯುವ ಕೆಲಸ. ನಮ್ಮಲ್ಲಿ ಅದಕ್ಕೆ ಸ್ಟೀಲ್ ಲೋಟದ ತಳವೇ ಸಾಕು. ತರಕಾರಿ ಬೇಯಿಸಿದ ನೀರನ್ನೇ ಹಾಕುತ್ತಾ ಹದಿನೈದು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿದರೆ ಆಲೂಗಡ್ಡೆಯ ಪಿಷ್ಟ ಎಲ್ಲವನ್ನೂ ಹಿಡಿದುಕೊಳ್ಳುತ್ತದೆ. ಹಂಚಿನ ಮೇಲೆ ಬೆಣ್ಣೆ ಸವರಿ ಪಾವ್ ಬಿಸಿ ಮಾಡಿ, ಹಸಿ ಈರುಳ್ಳಿ, ನಿಂಬೆಹೋಳು ಇಟ್ಟರೆ ಊಟ ಸಿದ್ಧ.

ನಮ್ಮಲ್ಲಿ ಮಸೆಯುವವನು ಬಾಗಲಕೋಟೆ. ‘ಹಿಂಗ ಒತ್ತಬೇಕಲೇ, ಸಿಟ್ಟೆಲ್ಲಾ ಹೊರಗ ಹೋಗ್ತೈತಿ’ ಎನ್ನುತ್ತಿದ್ದ. ಫಲಿತಾಂಶ ಬಂದ ವಾರ, ಅಧಿಸೂಚನೆ ಮುಂದೆ ಹೋದ ವಾರ ಭಾಜಿ ಇನ್ನೂ ನುಣ್ಣಗಾಗುತ್ತಿತ್ತು.

ಮೂರು ವರ್ಷ ಓದಿದ್ದ. ಎರಡು ಪರೀಕ್ಷೆಗಳಲ್ಲಿ ಕೆಲವೇ ಅಂಕ ಕಡಿಮೆ ಬಿದ್ದವು. ಕಳೆದ ತಿಂಗಳ ಒಂದು ರವಿವಾರ, ಲೋಟ ಒತ್ತುತ್ತಲೇ, ತಲೆ ಎತ್ತದೆ ಹೇಳಿದ: ‘ಬುಧವಾರ ನಾ ಊರಿಗೆ ಹೊಂಟೀನಿ. ಅಪ್ಪಗ ಮೊಣಕಾಲು ಎತ್ತಾಕ ಆಗವಲ್ದು. ಹೊಲಾ ನೋಡವರಿಲ್ಲ.’ ಯಾರಿಗೂ ಮಾತು ಬರಲಿಲ್ಲ. ರಾಯಚೂರು ಲೋಟ ಇಸಿದುಕೊಳ್ಳಲು ಕೈ ಚಾಚಿದ. ಇವನು ಕೊಡಲಿಲ್ಲ. ಮುಗಿಯುವವರೆಗೂ ತಾನೇ ಮಸೆದ.

ಆ ರಾತ್ರಿ ಊಟವಾದ ಮೇಲೆ, ‘ಮನ್ಯಾಗ ಏಳು ಮಂದಿ ಅದೀವಿ, ಅಷ್ಟಕ್ಕ ಅಳತಿ ಬರಕೊಡು’ ಎಂದ. ಅಭ್ಯಾಸಕ್ಕೆ ತಂದಿದ್ದ ಓಎಂಆರ್ ಹಾಳೆಯ ಹಿಂಬದಿಯಲ್ಲಿ ಬರೆದುಕೊಟ್ಟೆ. ಪುಸ್ತಕಗಳನ್ನು ನಮಗೇ ಬಿಟ್ಟ. ಆ ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡ.

ನಾಲ್ಕು ಗೋಡೆಗಳ ನಡುವೆ ಒಬ್ಬೊಬ್ಬರೇ ಓದುತ್ತಾ, ಒಬ್ಬೊಬ್ಬರೇ ಸೋಲುತ್ತಾ ಇರುವ ನಮಗೆ ವಾರಕ್ಕೆ ಒಂದೂವರೆ ಗಂಟೆ ಕೂಡಿ ಮಾಡುವ ಕೆಲಸ ಎಂದರೆ ಇದೊಂದೇ. ಇದರಲ್ಲಿ ಕಟ್ ಆಫ್ ಇಲ್ಲ. ಕೂತವರಿಗೆಲ್ಲ ಪಾಲು ಸಿಗುತ್ತದೆ. ಬಾಗಲಕೋಟೆ ಆ ಮಾತು ಹೇಳಲು ಅದೇ ಹೊತ್ತನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ ಎಂದು ಈಗ ಅನ್ನಿಸುತ್ತದೆ.

ಮೊನ್ನೆ ಫೋನ್ ಮಾಡಿದ್ದ. ಊರಿನ ಅಂಗಡಿಯಲ್ಲಿ ಪಾವ್ ಸಿಗಲಿಲ್ಲವಂತೆ. ಅವರವ್ವ ಬಿಸಿ ಜೋಳದ ರೊಟ್ಟಿ ಬಡಿದರಂತೆ. ‘ಅಪ್ಪ ಎರಡು ಸಲ ನೀಡಿಸಿಕೊಂಡ’ ಎಂದ. ಹಿಂದಿನಿಂದ ಅವರವ್ವನ ದನಿ ಕೇಳಿತು: ‘ಆ ಮಸಾಲಿ ಪುಡಿ ಮನ್ಯಾಗ ಮಾಡಾಕ ಬರ್ತೈತೇನು ಕೇಳೊ.’

ಬರುತ್ತದೆ. ಧನಿಯಾ ನಾಲ್ಕು ಚಮಚ, ಜೀರಿಗೆ ಎರಡು, ಬಡೇಸೋಪು ಒಂದು, ಕಾಳುಮೆಣಸು ಒಂದು, ಲವಂಗ ಐದು, ದಾಲ್ಚಿನ್ನಿ ಎರಡು ಚೂರು, ದೊಡ್ಡ ಏಲಕ್ಕಿ ಒಂದು, ಬ್ಯಾಡಗಿ ಮೆಣಸಿನಕಾಯಿ ಆರು. ಬೇರೆ ಬೇರೆಯಾಗಿ ಹುರಿದು ಪುಡಿ ಮಾಡಿ, ಅರ್ಧ ಚಮಚ ಅರಿಶಿನ, ಒಂದು ಚಮಚ ಒಣ ಮಾವಿನಕಾಯಿ ಪುಡಿ ಬೆರೆಸಬೇಕು. ‘ಮೆಣಸಿನಕಾಯಿ ಮಾತ್ರ ಅಲ್ಲಿ ಕೊಳ್ಳಬ್ಯಾಡ್ರಿ, ನಾ ಕಳಸ್ತೀನಿ’ ಎಂದು ಹೇಳಿದ್ದೇನೆ. ಈ ಸಲ ಊರಿಗೆ ಹೋದಾಗ ಅವ್ವನ ಹತ್ತಿರ ಒಂದು ಕೆಜಿ ಹೆಚ್ಚಿಗೆ ಕೇಳಬೇಕು.