ನೆನಪಿನ ಪೆಟ್ಟಿಗೆ: ಹೊರಗೆ ಬೀಟೆ, ಒಳಗೇನು?

ಹಳೆಯ ಮನೆಗಳ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ಒಂದು ಮರದ ಪೆಟ್ಟಿಗೆ ಇದ್ದೇ ಇರುತ್ತದೆ. ಮಗುವಿನ ಮೊದಲ ಕಾಲ್ಗೆಜ್ಜೆ, ಮಡಿಕೆಗಳಲ್ಲಿ ಹರಿಯತೊಡಗಿದ ಪತ್ರ, ನಿಂತುಹೋದ ಕೈಗಡಿಯಾರ, ತೀರಿಹೋದ ಹಿರಿಯರ ಕನ್ನಡಕ. ಮಾರಿದರೆ ಬೆಲೆ ಬಾರದ, ಕಳೆದುಕೊಂಡರೆ ಮತ್ತೆ ದೊರೆಯದ ಇಂಥ ವಸ್ತುಗಳಿಗೆ ಆ ಪೆಟ್ಟಿಗೆಯೇ ಆಸರೆ. ಅದು ಒಂದು ತಲೆಮಾರಾದರೂ ಬಾಳಬೇಕು ಎಂಬುದು ಇಟ್ಟವರ ಆಸೆ.

ಆದರೆ ಉಡುಗೊರೆಯಾಗಿ ಬಂದ ಎಷ್ಟೋ ಪೆಟ್ಟಿಗೆಗಳು ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲೇ ಸೋಲುತ್ತವೆ. ಮುಚ್ಚಳ ಸೊಟ್ಟಗಾಗಿ ಸರಿಯಾಗಿ ಕೂರುವುದಿಲ್ಲ. ಮೇಲ್ಮೈ ಅಲ್ಲಲ್ಲಿ ಗುಳ್ಳೆಯಂತೆ ಉಬ್ಬುತ್ತದೆ. ಮೂಲೆಗಳಲ್ಲಿ ಹೊದಿಕೆ ಚಕ್ಕೆಯಾಗಿ ಏಳುತ್ತದೆ. ಮರದ ಜಾತಿಯನ್ನೋ ಅಂಗಡಿಯನ್ನೋ ದೂರಿ ನಾವು ಸುಮ್ಮನಾಗುತ್ತೇವೆ. ನಿಜವಾದ ದೋಷ ಬಹುತೇಕ ಸಂದರ್ಭಗಳಲ್ಲಿ ಹೊರಗಿನ ಅಲಂಕಾರದಲ್ಲಿರುವುದಿಲ್ಲ, ಯಾರೂ ನೋಡದ ಒಳಪದರದಲ್ಲಿರುತ್ತದೆ.

ವೆನೀರ್ ಎಂದರೆ ನಕಲಿಯೇ?

ಬೆಲೆಬಾಳುವ ಮರವನ್ನು ಕಾಗದದಂತೆ ತೆಳುವಾಗಿ ಸೀಳಿ, ಬೇರೊಂದು ಹಲಗೆಯ ಮೇಲೆ ಅಂಟಿಸುವ ಹಾಳೆಗೆ ವೆನೀರ್ ಎಂದು ಹೆಸರು. ‘ಒಳಗೊಂದು, ಹೊರಗೊಂದು’ ಎಂಬ ಕಾರಣಕ್ಕೆ ಇದನ್ನು ಕಳಪೆ ಎಂದು ಭಾವಿಸುವವರೇ ಹೆಚ್ಚು. ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1922ರಲ್ಲಿ ಈಜಿಪ್ಟಿನಲ್ಲಿ ಪತ್ತೆಯಾದ ಅರಸ ತುತನ್‌ಖಾಮನ್‌ನ ಸಮಾಧಿಯಲ್ಲಿ ದಂತ ಮತ್ತು ಕರಿಮರದ ಚೂರುಗಳನ್ನು ಹೊದಿಸಿದ ಪೆಟ್ಟಿಗೆಗಳಿದ್ದವು. ಅವುಗಳಿಗೆ ಸುಮಾರು 3,300 ವರ್ಷ ವಯಸ್ಸು. ಅರಸನ ಅಂತ್ಯಯಾತ್ರೆಗೆ ಕಳಪೆ ಮಾಲನ್ನು ಯಾರೂ ಇಟ್ಟಿರಲಾರರು.

ಲೆಕ್ಕವೂ ವೆನೀರಿನ ಪರವಾಗಿದೆ. ಇಂದು ಬಳಕೆಯಲ್ಲಿರುವ ಹಾಳೆಯ ದಪ್ಪ ಸುಮಾರು 0.6 ಮಿಲಿಮೀಟರ್. 24 ಮಿಲಿಮೀಟರ್ ದಪ್ಪದ ಒಂದು ಬೀಟೆ ಹಲಗೆಯನ್ನು ಅಲಗಿನಿಂದ ಹಾಗೆ ಸೀಳಿದರೆ ಹೆಚ್ಚೂಕಡಿಮೆ 40 ಹಾಳೆಗಳು ದೊರೆಯುತ್ತವೆ. ಒಂದು ಪೆಟ್ಟಿಗೆಗೂ ಸಾಲದ ಮರ ಹಲವಾರು ಪೆಟ್ಟಿಗೆಗಳ ಮೈ ಮುಚ್ಚುತ್ತದೆ.

ಪಶ್ಚಿಮ ಘಟ್ಟದ ಬೀಟೆ ನಿಧಾನವಾಗಿ ಬೆಳೆಯುವ ಮರ. ಬಲಿತ ಮರಗಳು ವಿರಳವಾಗಿವೆ. ಬೀಟೆಯ ಕುಲಕ್ಕೆ ಸೇರಿದ ಮರಗಳ ಅಂತಾರಾಷ್ಟ್ರೀಯ ವ್ಯಾಪಾರವು 2017ರ ಜನವರಿಯಿಂದ ‘ಸೈಟಿಸ್’ ಒಪ್ಪಂದದ ನಿಯಂತ್ರಣಕ್ಕೆ ಒಳಪಟ್ಟಿದೆ. ಹೀಗಿರುವಾಗ ಇಡೀ ಪೆಟ್ಟಿಗೆಯನ್ನು ಗಟ್ಟಿ ಬೀಟೆಯಲ್ಲೇ ಮಾಡಬೇಕೆಂಬ ಹಟಕ್ಕಿಂತ, ಇದ್ದ ಮರವನ್ನು ಹಾಳೆಯಾಗಿ ಹಂಚಿ ಬಳಸುವುದೇ ವಿವೇಕ.

ಮೈಸೂರಿನ ದಾರಿ

ಬೀಟೆಯ ಪೆಟ್ಟಿಗೆ ಎಂದೊಡನೆ ನೆನಪಾಗುವುದು ಮೈಸೂರಿನ ‘ಇನ್‌ಲೇ’ ಕಲೆ. ಗಟ್ಟಿ ಬೀಟೆ ಹಲಗೆಯ ಮೇಲೆ ಚಿತ್ರ ಬರೆದು, ಆ ಆಕಾರದಲ್ಲಿ ತಗ್ಗು ತೋಡಿ, ಬೇರೆ ಬಣ್ಣದ ತುಣುಕುಗಳನ್ನು ಕೂರಿಸುವ ವಿದ್ಯೆ ಇದು. ಅರಮನೆಯ ಅಂಬಾವಿಲಾಸದಲ್ಲಿ ಬೀಟೆಯ ಬಾಗಿಲಿಗೆ ದಂತದ ಕುಸುರಿ ಕೂರಿಸಿರುವುದನ್ನು ಇಂದಿಗೂ ಕಾಣಬಹುದು. 1897ರ ಬೆಂಕಿಯ ನಂತರ ಕಟ್ಟಲಾರಂಭಿಸಿ 1912ರಲ್ಲಿ ಮುಗಿಸಿದ ಅರಮನೆ ಅದು.

ದಂತದ ಕಾಲ ಮುಗಿದಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ತಂದ ತಿದ್ದುಪಡಿ ಭಾರತೀಯ ಆನೆದಂತದ ವ್ಯಾಪಾರವನ್ನು ನಿಷೇಧಿಸಿತು. 1991ರ ತಿದ್ದುಪಡಿ ಆಮದು ದಂತಕ್ಕೂ ಬಾಗಿಲು ಹಾಕಿತು. ಬಿಳಿಗೆ ಪ್ಲಾಸ್ಟಿಕ್ ಬಂದಿತಾದರೂ, ಕುಶಲಕರ್ಮಿಗಳು ಮುಖ್ಯವಾಗಿ ಮರಗಳ ಸಹಜ ವರ್ಣಗಳತ್ತ ಹೊರಳಿದರು. ಹಲಸಿನ ಹಳದಿ, ತೇಗದ ಹೊನ್ನಿನ ಕಂದು, ಬೀಟೆಯ ನೇರಳೆಗಪ್ಪು: ಕುಂಚವಿಲ್ಲದೆ ಚಿತ್ರ ಬರೆಯಲು ಕಾಡೇ ಬಣ್ಣ ಒದಗಿಸಿತು. ‘ಮೈಸೂರು ರೋಸ್‌ವುಡ್ ಇನ್‌ಲೇ’ಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಲಭಿಸಿದೆ.

ವೆನೀರ್ ಪೆಟ್ಟಿಗೆಯಲ್ಲಿ ಇದೇ ಚಿತ್ರಕಲೆಗೆ ತುಸು ಬೇರೆ ಕ್ರಮವಿದೆ. ಹಾಳೆ ತೀರಾ ತೆಳುವಾದುದರಿಂದ ಅದರಲ್ಲಿ ತಗ್ಗು ತೋಡಲಾಗದು. ಎರಡು ಬಣ್ಣದ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಒಮ್ಮೆಗೇ ಕೊಯ್ದರೆ, ಒಂದರ ತುಣುಕು ಇನ್ನೊಂದರ ಕಿಂಡಿಯಲ್ಲಿ ಕೂದಲೆಳೆಯಷ್ಟೂ ಸಂದಿಲ್ಲದೆ ಕೂರುತ್ತದೆ. ಹೀಗೆ ಜೋಡಿಸಿದ ಚಿತ್ರವನ್ನು ಅಂಟು ಕಾಗದದಿಂದ ಹಿಡಿದಿಟ್ಟು, ಇಡಿಯಾಗಿ ಒಂದೇ ಹಾಳೆಯಂತೆ ಅಂಟಿಸುತ್ತಾರೆ.

ತಯಾರಿಯ ಹಂತಗಳು

25 ಸೆಂಟಿಮೀಟರ್ ಉದ್ದ, 18 ಅಗಲ, 10 ಎತ್ತರದ ಒಂದು ಪೆಟ್ಟಿಗೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಒಡಲಿಗೆ 9 ಮಿಲಿಮೀಟರ್ ದಪ್ಪದ ಒಳ್ಳೆಯ ಪ್ಲೈವುಡ್ ಸಾಕು. ಗಟ್ಟಿ ಮರ ಏಕೆ ಬೇಡ ಎಂಬ ಪ್ರಶ್ನೆ ಸಹಜ. ಮರ ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಮಂಗಳೂರಿನ ಜುಲೈ ತಿಂಗಳಲ್ಲಿ ಹಿಗ್ಗಿದ ಹಲಗೆ ಕಲಬುರಗಿಯ ಮೇ ತಿಂಗಳಲ್ಲಿ ಕುಗ್ಗುತ್ತದೆ. ಈ ಚಲನೆ ಎಳೆಯ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು. ಪ್ಲೈವುಡ್ಡಿನಲ್ಲಿ ಪದರಗಳ ಎಳೆಗಳು ಒಂದಕ್ಕೊಂದು ಅಡ್ಡವಾಗಿರುವುದರಿಂದ ಪರಸ್ಪರರನ್ನು ಹಿಡಿದು ನಿಲ್ಲಿಸುತ್ತವೆ.

ಹಾಳೆಗಳನ್ನು ಒಂದೇ ದಿಮ್ಮಿಯಿಂದ, ಸೀಳಿದ ಅನುಕ್ರಮದಲ್ಲೇ ಆರಿಸಬೇಕು. ಅಕ್ಕಪಕ್ಕದ ಎರಡು ಹಾಳೆಗಳನ್ನು ಪುಸ್ತಕ ತೆರೆದಂತೆ ಬಿಡಿಸಿಟ್ಟರೆ ಎಡಬಲದ ಗೆರೆಗಳು ಕನ್ನಡಿಯ ಬಿಂಬದಂತೆ ಹೊಂದುತ್ತವೆ. ಮುಚ್ಚಳಕ್ಕೆ ಈ ಜೋಡಣೆ ಶೋಭೆ ತರುತ್ತದೆ. ನಾಲ್ಕು ಬದಿಗಳಿಗೆ ಒಂದೇ ಉದ್ದನೆಯ ಹಾಳೆಯನ್ನು ಸಾಲಾಗಿ ಕತ್ತರಿಸಿ ಬಳಸಿದರೆ ಗೆರೆಗಳು ಮೂಲೆ ದಾಟಿ ಹರಿಯುತ್ತವೆ.

ಅಂಟಿಸುವ ಘಟ್ಟದಲ್ಲೇ ಪೆಟ್ಟಿಗೆಯ ಆಯುಷ್ಯ ನಿರ್ಧಾರವಾಗುತ್ತದೆ. ಹಿಂದಿನವರು ಪ್ರಾಣಿಗಳ ಚರ್ಮ ಮತ್ತು ಮೂಳೆ ಬೇಯಿಸಿ ತೆಗೆದ ಅಂಟನ್ನು ಬಿಸಿಯಾಗಿ ಬಳಸುತ್ತಿದ್ದರು. ಇಂದು ಬಡಗಿಗಳೆಲ್ಲ ಬಳಸುವ ಬಿಳಿ ಅಂಟು ಸಾಕು. ಬೀಟೆಯಲ್ಲಿ ಎಣ್ಣೆಯ ಅಂಶವಿರುವುದರಿಂದ ಮೊದಲು ಸ್ಪಿರಿಟ್ ಬಟ್ಟೆಯಿಂದ ಒರೆಸಬೇಕು. ಅಂಟನ್ನು ಹಾಳೆಗಲ್ಲ, ಹಲಗೆಗೆ ಸಮನಾಗಿ ಬಳಿಯಬೇಕು. ಹಾಳೆಯ ಎಳೆ ಪ್ಲೈವುಡ್ಡಿನ ಮೇಲ್ಪದರದ ಎಳೆಗೆ ಅಡ್ಡವಾಗಿ ಬರಬೇಕು. ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ದಪ್ಪ ಹಲಗೆ ಇಟ್ಟು ಕ್ಲಾಂಪುಗಳಿಂದ ಬಿಗಿದು ಒಂದು ರಾತ್ರಿ ಬಿಡಬೇಕು.

ಇಲ್ಲಿಯೇ ಅನೇಕರು ಉಳಿತಾಯ ಮಾಡಲು ಹೋಗಿ ಕೆಡಿಸುತ್ತಾರೆ. ಅಂಟಿನ ನೀರನ್ನು ಹೀರಿ ಹಿಗ್ಗುವ ಹಾಳೆ, ಒಣಗುವಾಗ ಕುಗ್ಗುತ್ತಾ ತನ್ನ ಕಡೆಗೆ ಹಲಗೆಯನ್ನೇ ಎಳೆಯುತ್ತದೆ. 9 ಮಿಲಿಮೀಟರ್ ಹಲಗೆಯನ್ನು 0.6 ಮಿಲಿಮೀಟರ್ ಹಾಳೆ ಬಗ್ಗಿಸಬಲ್ಲದು ಎಂದರೆ ಆಶ್ಚರ್ಯವಾದರೂ ಸತ್ಯ. ಪರಿಹಾರ ಒಂದೇ: ಹಲಗೆಯ ಹಿಂಬದಿಗೂ ಅಷ್ಟೇ ದಪ್ಪದ ಹಾಳೆಯನ್ನು, ಅದೇ ದಿಕ್ಕಿನಲ್ಲಿ, ಅದೇ ಹೊತ್ತಿಗೆ ಅಂಟಿಸುವುದು. ಅದು ಬೀಟೆಯೇ ಆಗಬೇಕಿಲ್ಲ, ಅಗ್ಗದ ಮರವಾದರೂ ನಡೆದೀತು. ಎರಡೂ ಕಡೆಯ ಎಳೆತ ಸರಿಸಮನಾದಾಗ ಹಲಗೆ ನೆಟ್ಟಗೆ ನಿಲ್ಲುತ್ತದೆ.

ಮುಚ್ಚಿ ಕಟ್ಟಿ, ಕೊಯ್ದು ತೆರೆಯುವುದು

ಬದಿಗಳ ಅಂಚನ್ನು 45 ಡಿಗ್ರಿಗೆ ಕೊಯ್ದು ಜೋಡಿಸಿದರೆ ಪ್ಲೈವುಡ್ಡಿನ ಪದರಗಳು ಹೊರಗೆ ಕಾಣುವುದಿಲ್ಲ. ಪೆಟ್ಟಿಗೆ ಮತ್ತು ಮುಚ್ಚಳವನ್ನು ಬೇರೆ ಬೇರೆಯಾಗಿ ಮಾಡಲಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ನುರಿತ ಕೈಗಳು ಹಾಗೆ ಮಾಡುವುದಿಲ್ಲ. ಆರೂ ಮುಖಗಳನ್ನು ಸೇರಿಸಿ ಎಲ್ಲಿಯೂ ಬಾಯಿಯಿಲ್ಲದ ಪೆಟ್ಟಿಗೆ ಕಟ್ಟುತ್ತಾರೆ. ಅಂಟು ಒಣಗಿದ ಮೇಲೆ ಮೇಲಿನಿಂದ ಮೂರು ಸೆಂಟಿಮೀಟರ್ ಕೆಳಗೆ ಸುತ್ತಲೂ ಗೆರೆ ಹಾಕಿ ಗರಗಸದಿಂದ ಕೊಯ್ಯುತ್ತಾರೆ. ಗರಗಸ ತಿನ್ನುವುದು ಎರಡು ಮೂರು ಮಿಲಿಮೀಟರ್ ಮಾತ್ರ. ಆದ್ದರಿಂದ ಮುಚ್ಚಳವೂ ಒಡಲೂ ಅಳತೆಯಲ್ಲಿ ಒಂದಾಗಿ, ಮರದ ಗೆರೆ ಮುರಿಯದೆ ಮುಂದುವರಿಯುತ್ತದೆ.

ತೆಳುಹಾಳೆಗೆ ಮೂಲೆಯೇ ಶತ್ರು. ಹಾಗಾಗಿ ಅಂಚುಗಳಲ್ಲಿ ಸಣ್ಣ ಗಾಡಿ ತೋಡಿ ಗಟ್ಟಿ ಬೀಟೆ ಅಥವಾ ತೇಗದ ಕಡ್ಡಿಯಂಥ ಪಟ್ಟಿ ಕೂರಿಸಬೇಕು. ಉಪ್ಪುಕಾಗದವನ್ನು ಮರದ ತುಂಡಿಗೆ ಸುತ್ತಿ, ಎಳೆಯ ದಿಕ್ಕಿನಲ್ಲಿ ಹಗುರವಾಗಿ ಉಜ್ಜಬೇಕು. ಅವಸರಿಸಿದರೆ ಹಾಳೆ ಸವೆದು ಕೆಳಗಿನ ಪ್ಲೈವುಡ್ ಇಣುಕುತ್ತದೆ, ಅದಕ್ಕೆ ಮದ್ದಿಲ್ಲ. ಬೀಟೆಯ ಧೂಳು ಕೆಲವರಿಗೆ ಚರ್ಮ ಮತ್ತು ಉಸಿರಿನ ತೊಂದರೆ ತರುವುದರಿಂದ ಮೂಗು ಬಾಯಿಗಳನ್ನು ಮುಚ್ಚಿಕೊಳ್ಳುವುದು ಅಗತ್ಯ.

ಕೊನೆಗೆ ಅರಗಿನ ಪಾಲಿಶ್. ಶುದ್ಧೀಕರಿಸಿದ ಅರಗಿನ ಚಕ್ಕೆಗಳನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿಯನ್ನು ಬಟ್ಟೆಯಲ್ಲಿ ಉಂಡೆ ಕಟ್ಟಿ, ತೆಳುವಾಗಿ ಹಲವು ಸಲ ಸವರಬೇಕು. ಮೊದಲ ಕೈಗೇ ಬೀಟೆಯ ಮಂಕು ಕಳೆದು ಆಳದ ಕೆಂಪು ಮೇಲೇಳುತ್ತದೆ. ಒಳಭಾಗಕ್ಕೂ ಇದೇ ಪಾಲಿಶ್ ಲೇಸು. ಎಣ್ಣೆ ಹಚ್ಚಿದರೆ ಅದರ ವಾಸನೆ ಮುಚ್ಚಿದ ಪೆಟ್ಟಿಗೆಯಲ್ಲಿ ಬಹುಕಾಲ ಉಳಿದು ಕಾಗದ, ಬಟ್ಟೆಗಳಿಗೆ ಹತ್ತುತ್ತದೆ. ಹಿತ್ತಾಳೆಯ ಕೀಲು, ತಳಕ್ಕೆ ಮಖಮಲ್ಲು ಸೇರಿಸಿದರೆ ಪೆಟ್ಟಿಗೆ ಸಿದ್ಧ.

ಕೊಳ್ಳುವವರ ಗಮನಕ್ಕೆ

ಮೊದಲು ಮುಚ್ಚಳ ತೆರೆದು ಅದರ ಒಳಮೈ ನೋಡಿ. ಅಲ್ಲಿಯೂ ಮರದ ಹಾಳೆ ಇದ್ದರೆ ಮಾಡಿದವರಿಗೆ ಕೆಲಸ ಗೊತ್ತಿದೆ ಎಂದರ್ಥ. ಮೇಲ್ಮೈಯನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಎಲ್ಲಿಯಾದರೂ ಟೊಳ್ಳು ಸದ್ದು ಬಂದರೆ ಅಂಟು ಹಿಡಿದಿಲ್ಲ. ಒಂದೇ ಗೆರೆಯ ವಿನ್ಯಾಸ ಪದೇಪದೇ ಅಚ್ಚಾದಂತೆ ಕಂಡರೆ ಅದು ಮರವಲ್ಲ, ಮುದ್ರಿತ ಕಾಗದ. ‘ಅಸಲಿ ದಂತ’ ಎಂದು ಯಾರಾದರೂ ಆಸೆ ತೋರಿಸಿದರೆ ಮುಟ್ಟಬೇಡಿ, ಅದರ ವ್ಯಾಪಾರ ಕಾನೂನಿನಂತೆ ಅಪರಾಧ.

ಮನೆಗೆ ತಂದ ಮೇಲೆ ಕಿಟಕಿಯ ನೇರ ಬಿಸಿಲಿಗೆ ಇಡಬೇಡಿ. ಒಣ ಬಟ್ಟೆಯಿಂದಲೇ ಒರೆಸಿ. ಅರಗು ಮದ್ಯಸಾರದಲ್ಲಿ ಕರಗುವುದರಿಂದ ಕೈ ಶುಚಿಗೊಳಿಸುವ ಸ್ಯಾನಿಟೈಸರ್ ತಾಗಿದರೂ ಕಲೆ ಉಳಿಯುತ್ತದೆ.

ಅಜ್ಜಿಯ ಕಾಲದ ಪೆಟ್ಟಿಗೆಯಲ್ಲಿ ಹೊದಿಕೆ ಎದ್ದಿದ್ದರೆ ಅದನ್ನು ಗುಜರಿಗೆ ಹಾಕುವ ಮುನ್ನ ಬಲ್ಲ ಬಡಗಿಗೆ ಒಮ್ಮೆ ತೋರಿಸಿ. ಹಳೆಯ ಪ್ರಾಣಿಜನ್ಯ ಅಂಟು ಬಿಸಿ ಮತ್ತು ತೇವಕ್ಕೆ ಮತ್ತೆ ಮೆದುವಾಗುವ ಗುಣವುಳ್ಳದ್ದು. ಪಾಲಿಶನ್ನು ಕಾಪಾಡಿಕೊಂಡು ಹದವರಿತು ಬಿಸಿ ಕೊಟ್ಟು ಒತ್ತಿದರೆ, ಎದ್ದ ಹಾಳೆ ತನ್ನ ಜಾಗದಲ್ಲೇ ಮತ್ತೆ ಕೂರುವ ಸಾಧ್ಯತೆ ಇದೆ. ಒಳಗಿನ ಕಾಲ್ಗೆಜ್ಜೆಯೂ ಪತ್ರವೂ ಇನ್ನೊಂದು ತಲೆಮಾರಿಗೆ ಅದೇ ಪೆಟ್ಟಿಗೆಯಲ್ಲಿ ಉಳಿಯುತ್ತವೆ.