ಹರ್ಪಿಸ್ ರೋಗದ ವಿಚಾರ

ಕಳೆದ ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗಿದ್ದಾಗ ನಮ್ಮ ಬಂಧುಗಳಲ್ಲಿ ಒಬ್ಬ ಹೆಣ್ಣುಮಗಳು ಆಸ್ಪತ್ರೆಯ ಚೀಟಿಯೊಂದನ್ನು ನನ್ನ ಕೈಗಿತ್ತು, "ನೀನು ಕಾಲೇಜು ಓದುವವನು, ಇದರಲ್ಲಿ ಏನು ಬರೆದಿದೆ ಹೇಳಪ್ಪ" ಎಂದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಇಂತಹ ಚೀಟಿಗಳೆಲ್ಲ ನನ್ನ ಪಾಲಿಗೇ ಬರುತ್ತವೆ. ಅದರಲ್ಲಿ 'ಹರ್ಪಿಸ್' ಎಂದಿತ್ತು. ಓದಿದೆನೇ ಹೊರತು ಅರ್ಥ ಹೇಳಲಾರದೆ ಹೋದೆ. ಮದುವೆಯಾಗಿ ಆರು ವರ್ಷಗಳ ಮೇಲೆ ಕಾಣಿಸಿಕೊಂಡ ಆ ಹುಣ್ಣಿನಿಂದ ಗಂಡಹೆಂಡಿರಲ್ಲಿ ಸಂಶಯ ಹುಟ್ಟಿ, ಅವರು ತವರಿಗೆ ಬಂದಿದ್ದರೆಂಬುದು ಆಮೇಲೆ ತಿಳಿಯಿತು. ಅಂದಿನಿಂದ ಓದಿಯೂ ವೈದ್ಯರನ್ನು ಕೇಳಿಯೂ ತಿಳಿದುಕೊಂಡದ್ದನ್ನು ಅವರ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ವಿಷಯ ಸಂಕೋಚದ್ದು, ನಿಜ. ಆದರೆ ನಮ್ಮ ಸಂಕೋಚದಿಂದ ಒಂದು ಸಂಸಾರ ಒಡೆಯುವುದಾದರೆ ಬಾಯಿ ಬಿಡುವುದೇ ಲೇಸು.

'ಹರ್ಪಿಸ್' ಗ್ರೀಕ್ ಮೂಲದ ಶಬ್ದ, ತೆವಳುವುದು ಎಂದರ್ಥ. ಸಂಸ್ಕೃತದ 'ಸರ್ಪ' ಶಬ್ದಕ್ಕೂ ಇದಕ್ಕೂ ಮೂಲ ಧಾತು ಒಂದೇ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ನಾವು ಕೆಮ್ಮಣ್ಣು ಹಚ್ಚುವ ಸರ್ಪಸುತ್ತು ಇದೇ ಕುಟುಂಬದ ವೈರಸ್‌ನಿಂದ ಬರುವುದಾದರೂ ಅದು ಬೇರೆಯೇ ರೋಗ. ಅದನ್ನು ತರುವುದು ಸೀತಾಳೆ ಸಿಡುಬಿನ ವೈರಸ್. ನಾನು ಹೇಳಹೊರಟಿರುವುದು ಹರ್ಪಿಸ್ ಸಿಂಪ್ಲೆಕ್ಸ್ ಎಂಬುದನ್ನು. ಇದರಲ್ಲಿ ಎರಡು ಬಗೆ. ಮೊದಲನೆಯದು ಹೆಚ್ಚಾಗಿ ತುಟಿಯ ಮೇಲೆ ಗುಳ್ಳೆಗಳನ್ನು ಎಬ್ಬಿಸುತ್ತದೆ. ಎರಡನೆಯದು ಹೆಚ್ಚಾಗಿ ಜನನಾಂಗಗಳಲ್ಲಿ. ಮೊದಲನೆಯ ಬಗೆಯೂ ಬಾಯಿಯಿಂದ ಜನನಾಂಗಕ್ಕೆ ಹರಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರಲ್ಲಿ 15ರಿಂದ 49 ವರ್ಷದೊಳಗಿನ ಸುಮಾರು 52 ಕೋಟಿ ಜನರಲ್ಲಿ ಎರಡನೆಯ ಬಗೆ ಇದ್ದಿತು.

ವೈರಸ್ ಚರ್ಮದ ಸ್ಪರ್ಶದಿಂದ, ಮುಖ್ಯವಾಗಿ ಸಂಭೋಗದಿಂದ ಹರಡುತ್ತದೆ. ಸೋಂಕು ತಗುಲಿದ ಕೆಲವು ದಿನಗಳಲ್ಲಿ ನೀರುಗುಳ್ಳೆಗಳೆದ್ದು, ಒಡೆದು, ನೋಯುವ ಹುಣ್ಣುಗಳಾಗಬಹುದು, ಜ್ವರವೂ ಬರಬಹುದು. ಎರಡು ಮೂರು ವಾರಗಳಲ್ಲಿ ಹುಣ್ಣು ಮಾಯುತ್ತದೆ. ಆದರೆ ವೈರಸ್ ಹೋಗುವುದಿಲ್ಲ. ಅದು ನರದ ಗುಂಟ ಸಾಗಿ, ಬೆನ್ನುಹುರಿಯ ಬಳಿಯ ನರಗಂಟುಗಳಲ್ಲಿ ಬೂದಿ ಮುಚ್ಚಿದ ಕೆಂಡದಂತೆ ಜೀವಮಾನವೆಲ್ಲ ಅಡಗಿರುತ್ತದೆ. ಜ್ವರ, ಆಯಾಸ, ಮನಸ್ಸಿನ ಒತ್ತಡ, ಮುಟ್ಟು ಇವುಗಳ ಸಮಯದಲ್ಲಿ ಅದೇ ನರದ ದಾರಿಯಲ್ಲಿ ಹಿಂದಿರುಗಿ ಮತ್ತೆ ಗುಳ್ಳೆ ಎಬ್ಬಿಸಬಹುದು. ಸಾಮಾನ್ಯವಾಗಿ ಹೀಗೆ ಮರುಕಳಿಸುವುದು ಮೊದಲಿನದಕ್ಕಿಂತ ಸೌಮ್ಯ. ವರ್ಷಗಳು ಕಳೆದಂತೆ ವಿರಳ.

ಇಲ್ಲಿ ಗಮನಿಸಬೇಕಾದ ಮುಖ್ಯಾಂಶ ಒಂದುಂಟು. ಸೋಂಕುಳ್ಳ ಬಹುಮಂದಿಗೆ ತಮಗೆ ಅದಿದೆಯೆಂದೇ ತಿಳಿದಿರುವುದಿಲ್ಲ. ಹುಣ್ಣಿಲ್ಲದ ದಿನಗಳಲ್ಲಿಯೂ ವೈರಸ್ ಚರ್ಮದಿಂದ ಹೊರಬಿದ್ದು ಇನ್ನೊಬ್ಬರಿಗೆ ತಗುಲಬಹುದು. ಸೋಂಕು ತಗುಲಿ ಎಷ್ಟೋ ವರ್ಷಗಳ ಮೇಲೆ ಮೊದಲ ಹುಣ್ಣು ಕಾಣುವುದೂ ಉಂಟು. ಆದುದರಿಂದ ಇಂದು ಎದ್ದ ಗುಳ್ಳೆ ನಿನ್ನೆಯ ತಪ್ಪಿಗೆ ಸಾಕ್ಷಿಯಲ್ಲ. ಯಾರಿಂದ ಯಾರಿಗೆ, ಎಂದು ಬಂತೆಂಬುದನ್ನು ಹುಣ್ಣು ಹೇಳಲಾರದು.

ಶೌಚಾಲಯದ ಪೀಠ, ಕೊಳದ ನೀರು ಇವುಗಳಿಂದ ಇದು ಹರಡುವುದಿಲ್ಲ. ಮೈಯಿಂದಾಚೆ ಈ ವೈರಸ್ ಬಹಳ ಹೊತ್ತು ಬಾಳದು. ಹುಣ್ಣಿರುವಾಗ ಸಂಭೋಗ ಕೂಡದು. ಕಾಂಡೋಮ್ ಅಪಾಯವನ್ನು ಕಡಿಮೆ ಮಾಡುವುದಾದರೂ ಅದು ಮುಚ್ಚದ ಭಾಗದಿಂದ ಸೋಂಕು ತಗುಲಬಹುದು. ಗರ್ಭಿಣಿಯರು ವೈದ್ಯರಿಗೆ ಇದನ್ನು ಮುಚ್ಚಿಡಲೇಬಾರದು. ಹೆರಿಗೆಯ ವೇಳೆ ಕೂಸಿಗೆ ತಗುಲುವುದು ಅಪರೂಪವಾದರೂ ತಗುಲಿದರೆ ಪ್ರಾಣಕ್ಕೇ ಅಪಾಯ. ಮೊದಲೇ ತಿಳಿದರೆ ತಪ್ಪಿಸುವ ದಾರಿಗಳಿವೆ. ಎರಡನೆಯ ಬಗೆ ಇರುವವರಿಗೆ ಎಚ್.ಐ.ವಿ. ತಗುಲುವ ಸಂಭವವೂ ಹೆಚ್ಚು.

ವೈರಸ್ಸನ್ನು ಪೂರ್ತಿ ಹೊರದೂಡುವ ಮದ್ದು ಇಲ್ಲ. ಹತೋಟಿಯಲ್ಲಿಡುವ ಮದ್ದು ಇದೆ. ಏಸೈಕ್ಲೋವಿರ್ ಎಂಬ ಗುಳಿಗೆ ವೈರಸ್ ತನ್ನ ಸಂತತಿ ಬೆಳೆಸದಂತೆ ತಡೆಯುತ್ತದೆ. ಇಂತಹ ಔಷಧಗಳ ಶೋಧನೆಗೆ ದುಡಿದ ಗರ್ಟ್ರೂಡ್ ಎಲಿಯನ್ ಎಂಬ ಮಹಿಳೆಗೆ 1988ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕ ದೊರೆಯಿತು. ಗುಳ್ಳೆ ಏಳುವ ಮುನ್ಸೂಚನೆಯಾದ ಉರಿ, ಜುಮುಗುಟ್ಟುವಿಕೆ ಕಂಡೊಡನೆ ವೈದ್ಯರ ಸಲಹೆಯಂತೆ ಸೇವಿಸಿದರೆ ಬಾಧೆ ಬೇಗ ಅಡಗುತ್ತದೆ.

ಇದನ್ನೆಲ್ಲ ನಾನು ಆ ಹೆಣ್ಣುಮಗಳ ಯಜಮಾನರಿಗೂ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿದರು, ಮಾತಾಡಲಿಲ್ಲ. ಮರುವಾರ ಇಬ್ಬರೂ ಜೊತೆಯಾಗಿ ವೈದ್ಯರಲ್ಲಿಗೆ ಹೋದರೆಂದು ತಿಳಿದು ನನಗೆ ಸಮಾಧಾನವಾಯಿತು. ಸಹಪಾಠಿಗಳೇ, ನಾಳೆ ನಿಮ್ಮ ಕೈಗೂ ಇಂತಹ ಚೀಟಿ ಬಂದೀತು. ಅಂದು ನನ್ನಂತೆ ನೀವು ಮೂಕರಾಗದಿರಲೆಂದು ಇಷ್ಟು ಬರೆದೆ.